ಸಾಕ್ಷಿಯಾಗಬಲ್ಲ ಚಿತ್ರ

(ಮಲೆನಾಡಿನ ಕಾರ್ಯಕರ್ತರ ಛಾಯಾಗ್ರಹಣ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಾಠ)



ಗುಡ್ಡ ಕುಸಿದ ಮರುದಿನ ಊರಿನ ಮೊಬೈಲುಗಳಲ್ಲಿ ನೂರಾರು ಚಿತ್ರಗಳಿರುತ್ತವೆ. ಆರು ತಿಂಗಳ ಬಳಿಕ ಅಧಿಕಾರಿಯ ಮೇಜಿನ ಮೇಲಿಡಲು ಅವುಗಳಲ್ಲಿ ಒಂದೂ ಒದಗುವುದಿಲ್ಲ. ಕೆಮ್ಮಣ್ಣು ಕಾಣುತ್ತದೆ, ಅದು ಯಾವ ಗುಡ್ಡದ್ದು, ಎಷ್ಟು ಎತ್ತರದ್ದು, ಯಾವ ದಿನದ್ದು ಎಂಬುದು ಕಾಣುವುದಿಲ್ಲ. ದುಬಾರಿ ಕ್ಯಾಮೆರಾ ಈ ಕೊರತೆಯನ್ನು ತುಂಬಲಾರದು.

ಚೆಲುವಿಗೂ ಬೆಲೆಯಿದೆ. 1936ರಲ್ಲಿ ಆನ್ಸೆಲ್ ಆಡಮ್ಸ್ ಅವರು ಅಮೆರಿಕದ ಸಿಯೆರಾ ಕ್ಲಬ್ಬಿನ ಪರವಾಗಿ ತಮ್ಮ ಚಿತ್ರಗಳನ್ನು ಹಿಡಿದು ವಾಷಿಂಗ್ಟನ್ನಿಗೆ ಹೋದರು. 1940ರಲ್ಲಿ ಕಿಂಗ್ಸ್ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಅದು ಚಿತ್ರಗಳಿಂದ ಮಾತ್ರವೇ ಆದುದಲ್ಲ, ಆದರೆ ಕಣಿವೆಯನ್ನು ಕಾಣದವರಿಗೆ ಅದನ್ನು ಕಾಣಿಸಿದ್ದು ಚಿತ್ರಗಳೇ.

ಮೊದಲ ಮಾತು ಬೆಳಕಿನದು. ನಡುಹಗಲಿನ ಬಿಸಿಲಿನಲ್ಲಿ ಇಳಿಜಾರು ಚಪ್ಪಟೆಯಾಗಿ ತೋರುತ್ತದೆ. ಓರೆ ಬಿಸಿಲು ಬಿದ್ದಾಗ ಮಾತ್ರ ಕೊರಕಲು, ಬಿರುಕು, ಯಂತ್ರದಿಂದ ಕಡಿದ ಗುರುತು ಎದ್ದು ಕಾಣುತ್ತವೆ. ಪಡುವಣ ಮುಖದ ಗುಡ್ಡ ಬೆಳಗಿನಲ್ಲಿ ನೆರಳಿನಲ್ಲಿರುವುದರಿಂದ ಅದಕ್ಕೆ ಇಳಿಹೊತ್ತೇ ಸರಿ. ಕಾಡಿನೊಳಗಾದರೆ ಇದು ತಿರುಗುಮುರುಗು: ಅಲ್ಲಿ ಬಿಸಿಲು ಚುಕ್ಕೆಚುಕ್ಕೆಯಾಗಿ ಬಿದ್ದು ಎಲ್ಲವನ್ನೂ ಕಲಸುತ್ತದೆ, ತೆಳುಮೋಡದ ದಿನವೇ ಮೇಲು.

ಕ್ಯಾಮೆರಾ ಎದುರಿನ ದೃಶ್ಯವನ್ನೆಲ್ಲ ನಡುಬೂದು ಬಣ್ಣವೆಂದೇ ಎಣಿಸುತ್ತದೆ. ಆದುದರಿಂದಲೇ ಮಂಜು ಕೊಳಕಾಗಿ, ಕಪ್ಪು ಬಂಡೆ ಮಾಸಲಾಗಿ ಬರುವುದು. ಮಂಜಿಗೆ, ಜಲಪಾತಕ್ಕೆ ಬೆಳಕನ್ನು ಒಂದು ಹಂತ ಏರಿಸಬೇಕು. ದಟ್ಟ ಕಾಡಿಗೆ ಇಳಿಸಬೇಕು. ಕೈ ಅಲುಗದಿರಲು ಹಳೆಯ ಲೆಕ್ಕವೊಂದಿದೆ: 200 ಮಿಲಿಮೀಟರ್ ಮಸೂರಕ್ಕೆ ಸೆಕೆಂಡಿನ 1/200ಕ್ಕಿಂತ ನಿಧಾನವಾದ ಷಟರ್ ಬೇಡ. ಮೊಬೈಲಿನಲ್ಲಿ ಬೆರಳಿನಿಂದ ಹಿಗ್ಗಿಸುವುದಕ್ಕಿಂತ ಎರಡು ಹೆಜ್ಜೆ ಮುಂದೆ ಹೋಗುವುದು ಲೇಸು.

ಚೌಕಟ್ಟನ್ನು ಮೂರು ಪಾಲು ಮಾಡಿ ಮುಖ್ಯ ವಸ್ತುವನ್ನು ಪಕ್ಕಕ್ಕಿಡಬೇಕೆಂಬ ನಿಯಮವನ್ನು ಎಲ್ಲರೂ ಬಲ್ಲರು. ಅದು ಮುರಿದರೂ ನಷ್ಟವಿಲ್ಲ. ಕ್ಯಾಮೆರಾ ವಾಲಿದರೆ ಮಾತ್ರ ನಷ್ಟವೇ. ಐದು ಡಿಗ್ರಿ ವಾಲಿದ ಕ್ಯಾಮೆರಾ ಇಳಿಜಾರನ್ನೂ ಐದು ಡಿಗ್ರಿ ಬದಲಿಸಿ ತೋರಿಸುತ್ತದೆ, ಎದುರಾಳಿಯ ವಕೀಲರು ಅದನ್ನೇ ಹಿಡಿಯುತ್ತಾರೆ. ಅಳತೆಗಾಗಿ ಒಬ್ಬ ವ್ಯಕ್ತಿ, ಒಂದು ಕೊಡೆ, ಕಡಿದ ಬುಡದ ಮೇಲೆ ಅಡ್ಡಲಾಗಿ ಚಾಚಿದ ಟೇಪು ಚಿತ್ರದೊಳಗಿರಲಿ. ಒಂದೇ ಸ್ಥಳವನ್ನು ದೂರದಿಂದ, ನಡುವಿನಿಂದ, ಹತ್ತಿರದಿಂದ ತೆಗೆಯಬೇಕು; ದೂರದ ಚಿತ್ರದಲ್ಲಿ ಗುಡಿಯೋ ಸೇತುವೆಯೋ ಗುರುತಿಗೆ ಸಿಗಬೇಕು.

ವರ್ಷವರ್ಷದ ಬದಲಾವಣೆ ತೋರಿಸುವವರು ಒಂದೇ ಬಂಡೆಯ ಮೇಲೆ ನಿಂತು, ಒಂದೇ ಮಸೂರದಿಂದ, ಒಂದೇ ತಿಂಗಳಿನಲ್ಲಿ ತೆಗೆಯಬೇಕು. ಆಗಸ್ಟಿನ ತುಂಬುಹೊಳೆಯನ್ನೂ ಏಪ್ರಿಲಿನ ಬತ್ತಿದ ಹೊಳೆಯನ್ನೂ ಜೋಡಿಸಿ "ಅಂದು, ಇಂದು" ಎಂದು ಅಚ್ಚುಹಾಕುವುದು ಚಳವಳಿಗೆ ಶೋಭೆಯಲ್ಲ. ಒಮ್ಮೆ ಸಿಕ್ಕಿಬಿದ್ದರೆ ನಿಜವಾದ ಚಿತ್ರಗಳನ್ನೂ ಯಾರೂ ನಂಬುವುದಿಲ್ಲ.

ಮೂಲ ಕಡತವನ್ನು ತಿದ್ದಬಾರದು. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ದಿನಾಂಕ, ಸ್ಥಳಗಳ ಒಳಮಾಹಿತಿ ಕಳಚಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳುಹಿಸಿದರೆ ಉಳಿಯುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮು ವಿದ್ಯುನ್ಮಾನ ದಾಖಲೆಯೊಡನೆ ಪ್ರಮಾಣಪತ್ರವನ್ನು ಕೇಳುತ್ತದೆ. ತೆಗೆದವರ ಹೆಸರು, ಉಪಕರಣ, ವೇಳೆಯನ್ನು ಅಂದೇ ಪುಸ್ತಕದಲ್ಲಿ ಬರೆದಿಡುವುದು ಜಾಣತನ.

ಕಲ್ಲುಗಣಿಯ ವಿರುದ್ಧ ಸಾಕ್ಷಿ ನುಡಿಯುವ ಆ ಸ್ಥಳಮಾಹಿತಿಯೇ ಅಪರೂಪದ ಸೀತಾಳೆ ದಂಡೆಯ ಚಿತ್ರದಲ್ಲಿದ್ದರೆ ಕಳ್ಳನಿಗೆ ದಾರಿ ತೋರಿಸುತ್ತದೆ. ಅಂಥ ಚಿತ್ರವನ್ನು ಹಂಚುವಾಗ ಸ್ಥಳವನ್ನು ಅಳಿಸಿದ ಪ್ರತಿಯನ್ನೇ ಕೊಡಬೇಕು. ಗೂಡಿನ ಮುಂದಿನ ಎಲೆ ಸವರಿ ಮರಿಗಳ ಚಿತ್ರ ತೆಗೆಯುವುದಂತೂ ಕೂಡದು. ಮರೆ ಹೋದ ಗೂಡು ಕಾಗೆಗೂ ಹಾವಿಗೂ ತೆರೆದಿಟ್ಟಂತೆ. ಸಿಂಗಳೀಕಗಳನ್ನು ತಿಂಡಿ ಎಸೆದು ರಸ್ತೆಗೆ ಕರೆಯುವವರು ಅವುಗಳನ್ನು ವಾಹನದ ಚಕ್ರದಡಿಗೇ ಕರೆಯುತ್ತಾರೆ.

ಕೊನೆಯದಾಗಿ, ಮಳೆಗಾಲದಲ್ಲಿ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಮಸೂರಕ್ಕೆ ಬೂಷ್ಟು ಹಿಡಿಯುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್‌ನೊಂದಿಗೆ ಇಡಬೇಕು. ನೀಲಿ ಹರಳು ಗುಲಾಬಿಗೆ ತಿರುಗಿದಾಗ ಅದನ್ನು ಹದವಾಗಿ ಬಿಸಿಮಾಡಿ ಒಣಗಿಸಿದರೆ ಮತ್ತೆ ಬಳಸಬಹುದು.