ಕಲ್ಲಿಗೂ ಒಂದು ವಿಳಾಸ ಬೇಕು



ನಾಗತ್ತರನೆಂಬ ವೀರನ ಹೆಸರು ಹೊತ್ತ ಎರಡು ಕಲ್ಲುಗಳು ಬೇಗೂರಿನಲ್ಲಿದ್ದವು. ಎರಡೂ ಗಂಗರ ಕಾಲದವು. ಒಂದು ಅವನದೇ ವೀರಗಲ್ಲು. ಗಂಗ ಅರಸ ಎರೆಯಪ್ಪನ ಆಣತಿಯಂತೆ ಅಯ್ಯಪದೇವನ ನೆರವಿಗೆ ಹೋದ ನಾಗತ್ತರ, ವೀರಮಹೇಂದ್ರನ ಸೇನೆಯೊಡನೆ ತುಂಬೆಪಾಡಿಯಲ್ಲಿ ಕಾದಿ ಮಡಿದ. ಆ ಬಳಿಕ ಬೆಂಪೂರು ಮತ್ತು ಅದಕ್ಕೆ ಸೇರಿದ ಹಳ್ಳಿಗಳನ್ನು ಇರುಗ ಎಂಬವನಿಗೆ ಕೊಡಲಾಯಿತು ಎಂದು ಅದರಲ್ಲಿದೆ. ಬೆಂಪೂರೆಂದರೆ ನಾವೀಗ ಕೂತಿರುವ ಬೇಗೂರೇ. ಆನೆ, ಕುದುರೆ, ಕಾಲಾಳುಗಳು ಕಿಕ್ಕಿರಿದ ಕೆತ್ತನೆಯ ಆ ಕಲ್ಲು ಇವತ್ತು ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇನ್ನೊಂದು, ಸುಮಾರು ಕ್ರಿ.ಶ. 890ರದು, ಇಲ್ಲಿನ ಪಂಚಲಿಂಗೇಶ್ವರ ದೇವಾಲಯದ ಆವರಣದಲ್ಲೇ ಉಳಿಯಿತು. ನಾಗತ್ತರನ ಕಡೆಯವನೊಬ್ಬ ಬೆಂಗಳೂರಿನ ಕಾಳಗದಲ್ಲಿ ಸತ್ತನೆಂದು ಹೇಳುವುದು ಇದೇ. ಮೊದಲನೆಯದನ್ನು ಜೋಪಾನ ಮಾಡಿದ್ದಾರೆ, ಆದರೆ ಬೇಗೂರಿನವರಲ್ಲಿ ಅದನ್ನು ನೋಡಿದವರು ಎಷ್ಟು ಮಂದಿ? ಎರಡನೆಯದು ಇಲ್ಲೇ ಇತ್ತು, ಆದರೆ ಬಹುಕಾಲ ಕೇಳುವವರಿಲ್ಲದೆ ಇತ್ತು. ಒಂದಕ್ಕೆ ಮಾಡು ಸಿಕ್ಕಿತು, ಊರು ತಪ್ಪಿತು. ಇನ್ನೊಂದಕ್ಕೆ ಊರು ಉಳಿಯಿತು, ಓದುಗರು ತಪ್ಪಿದರು. ಊರಿನ ಇತಿಹಾಸ ಸಂಘಕ್ಕೆ ಕೆಲಸವಿರುವುದು ಈ ಎರಡು ನಷ್ಟಗಳ ನಡುವೆ ಎಂಬುದೇ ಇವತ್ತಿನ ನನ್ನ ವಾದ. ಹಳೆಯ ವಸ್ತುಗಳನ್ನು ಗುಡ್ಡೆಹಾಕಿ ಬೀಗ ಹಾಕುವುದಕ್ಕಾಗಿ ಇಂಥ ಸಂಘಗಳು ಬೇಕಿಲ್ಲ. ವಸ್ತುವಿಗೂ ಅದರ ಜಾಗಕ್ಕೂ, ಆ ಜಾಗಕ್ಕೂ ಅಲ್ಲಿ ಬದುಕುವ ಜನಕ್ಕೂ ಇರುವ ನಂಟನ್ನು ಕಾಪಾಡುವುದಕ್ಕೆ ಬೇಕು.

ನಂಟು ಎಂದರೆ ಭಾವುಕ ಮಾತಾಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಅದು ತೀರಾ ವ್ಯಾವಹಾರಿಕವಾದ ವಿಷಯ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳನ್ನು ತೆರೆದು ನೋಡಿ. 1905ರಲ್ಲಿ ಬಂದ 9ನೆಯ ಸಂಪುಟ ಬೆಂಗಳೂರು ಜಿಲ್ಲೆಯದು. ಅದರಲ್ಲಿ ಶಾಸನಗಳಿಗೆ ಊರು, ಹೋಬಳಿಯ ಜೊತೆಗೆ ಕಲ್ಲು ಇರುವ ಜಾಗವನ್ನೂ ಕಾಣಿಸಿದ್ದಾರೆ: ದೇವಸ್ಥಾನದ ಮುಂದೆ, ಹೊಲದಲ್ಲಿ, ಕೆರೆಯ ಹತ್ತಿರ, ಹೀಗೆ. ಆ ಕಾಲಕ್ಕೆ ಅಷ್ಟು ಸಾಕಾಗಿತ್ತು. ಆಮೇಲೆ ಹೊಲ ರೆವಿನ್ಯೂ ನಿವೇಶನವಾಯಿತು, ನಿವೇಶನ ಬಡಾವಣೆಯಾಯಿತು, ಬಡಾವಣೆಗೆ ಮೇನು ಕ್ರಾಸುಗಳು ಬಂದವು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಸುತ್ತಲಿನ ನಗರಸಭೆಗಳ ಜೊತೆ ಎಷ್ಟೋ ಹಳ್ಳಿಗಳು ನಗರದ ವಾರ್ಡುಗಳಾದವು. ಪುಸ್ತಕದಲ್ಲಿರುವ ವಿಳಾಸಕ್ಕೆ ಇವತ್ತು ಕಾಗದ ಬರೆದರೆ ತಲುಪುವುದಿಲ್ಲ. ಆ ಹೊಲ ಯಾವುದು, ಆ ಬದು ಈಗ ಯಾವ ರಸ್ತೆಯ ಕೆಳಗಿದೆ, ಯಾವ ಮರದ ಬುಡದಲ್ಲಿದ್ದ ಕಲ್ಲನ್ನು ಯಾವ ಗುಡಿಯ ಗೋಡೆಗೆ ಒರಗಿಸಿದರು? ಇದಕ್ಕೆ ಉತ್ತರ ಯಾವ ವಿಶ್ವವಿದ್ಯಾಲಯದಲ್ಲೂ ಇಲ್ಲ. ಆ ಹೊಲದಲ್ಲಿ ರಾಗಿ ಬೆಳೆದವರ, ಆ ಕೆರೆಯಲ್ಲಿ ದನ ತೊಳೆದವರ ನೆನಪಿನಲ್ಲಿದೆ. ಎಪ್ಪತ್ತು ಎಂಬತ್ತು ದಾಟಿದ ಆ ಜನ ನಮ್ಮ ನಡುವೆ ಇನ್ನೂ ಇರುವುದು ಬೇಗೂರಿನ ಈ ಇತಿಹಾಸ ಸಂಘದ ಭಾಗ್ಯ. ಅದು ಹೆಚ್ಚು ದಿನ ಇರುವ ಭಾಗ್ಯವಲ್ಲ.

ಬರೆದಿಟ್ಟದ್ದೆಲ್ಲ ಉಳಿಯಲಿಲ್ಲ, ಉಳಿದದ್ದೆಲ್ಲ ಬರೆದಿಟ್ಟದ್ದೂ ಅಲ್ಲ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಮೇಲೆ ಬಂದ ಕಿತ್ತಯ್ಯನ ಕಲ್ಲನ್ನು ನೆನೆಯಿರಿ. ಗಂಗ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದು. ಪೆರ್ಬೊಳಲ್ ನಾಡಿನ ಮೇಲೆ ದಾಳಿಯಾದಾಗ ಎದುರು ನಿಂತು ಸತ್ತವನ ನೆನಪಿನ ಕಲ್ಲು. ಬೆಂಗಳೂರಿನ ಆಸುಪಾಸಿನ ಅತಿ ಹಳೆಯ ಬರಹಗಳಲ್ಲಿ ಒಂದು ಎಂದು ಅದನ್ನು ಈಗ ಎಲ್ಲರೂ ಹೇಳುತ್ತಾರೆ. ಅಗೆದ ಮಣ್ಣಿನ ಜೊತೆ ಅದೂ ಎಲ್ಲೋ ಹೋಗಿಬಿಡುವುದಿತ್ತು. ಉಳಿಸಿದವರು ಶಾಸನಗಳ ಹುಚ್ಚು ಹಿಡಿಸಿಕೊಂಡ ಸಾಮಾನ್ಯ ನಾಗರಿಕರು ಮತ್ತು ಹೆಬ್ಬಾಳದ ನಿವಾಸಿಗಳು. ಕಲ್ಲನ್ನು ದೂರದ ಸಂಗ್ರಹಾಲಯಕ್ಕೆ ಒಯ್ಯದೆ ಊರಲ್ಲೇ ಮಂಟಪ ಕಟ್ಟಿ ನಿಲ್ಲಿಸುವ ದಾರಿ ಹಿಡಿದರು. ಪುರಾತತ್ತ್ವ ಇಲಾಖೆಗೆ ಎಲ್ಲ ಗುಂಡಿಗಳ ಪಕ್ಕದಲ್ಲೂ ಒಬ್ಬ ಅಧಿಕಾರಿಯನ್ನು ನಿಲ್ಲಿಸುವುದು ಸಾಧ್ಯವಿಲ್ಲ, ಗುಂಡಿಯ ಪಕ್ಕದಲ್ಲಿ ಹಾದುಹೋಗುವವರು ನಾವು.

ಸಂಗ್ರಹಾಲಯಕ್ಕೆ ಒಯ್ಯದಿದ್ದರೆ ನಾಗತ್ತರನ ವೀರಗಲ್ಲು ಇಷ್ಟು ಹೊತ್ತಿಗೆ ಯಾರದೋ ಮನೆಯ ಪಾಯ ಸೇರುತ್ತಿರಲಿಲ್ಲವೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಬಟ್ಟೆ ಒಗೆಯುವ ಕಲ್ಲಾದ, ಚರಂಡಿಯ ಮೇಲಿನ ಹಾಸುಗಲ್ಲಾದ ಶಾಸನಗಳು ನಾಡಿನ ತುಂಬ ಇವೆ. ಊರಲ್ಲಿ ಕಾಯುವವರಿಲ್ಲದಿದ್ದಾಗ ಕಲ್ಲನ್ನು ಸಾಗಿಸುವುದೇ ಸರಿ. ಜಾಗ ಉಳಿಸುತ್ತೇವೆಂದು ಹಟ ಹಿಡಿದು ಕಲ್ಲನ್ನೇ ಕಳೆದುಕೊಳ್ಳುವುದು ಜಾಣತನವಲ್ಲ. ಆದರೆ ಸಾಗಿಸಿದ ಮೇಲೆ ಊರಿನ ಪಾಲು ಮುಗಿಯಿತು ಎಂದು ಯಾಕೆ ಒಪ್ಪಿಕೊಳ್ಳಬೇಕು? ಹಾಸನ ಜಿಲ್ಲೆಯ ಹಲ್ಮಿಡಿಯಲ್ಲಿ ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಶಾಸನ ಊರು ಬಿಟ್ಟು ಹೋಗಿದೆ; ಆ ಊರಿನಲ್ಲಿ ಅದರ ಪ್ರತಿಕೃತಿಯನ್ನು ಪೀಠದ ಮೇಲೆ ನಿಲ್ಲಿಸಿದ್ದಾರೆ. ಕನ್ನಡದ ಮೊದಮೊದಲ ಬರಹವನ್ನು ಹುಡುಕಿ ಬರುವವನಿಗೆ ನಿಂತು ನೋಡಲು ಅಲ್ಲಿ ಏನೋ ಇದೆ. ನಾಗತ್ತರನ ಕಲ್ಲಿನದೂ ಅಳತೆ ತಪ್ಪದ ಒಂದು ಪ್ರತಿಕೃತಿ ಬೇಗೂರಿನಲ್ಲಿ ನಿಲ್ಲಬೇಕು. ಈಗ ಅದು ಕಷ್ಟವೂ ಅಲ್ಲ. ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಒಂದೊಂದಾಗಿ ಹುಡುಕಿ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡುವ ಕೆಲಸವನ್ನು 2021ರಿಂದ ನಡೆಸಿದ್ದಾರೆ. 1909ರಲ್ಲಿ ಹುಟ್ಟಿದ ಸಂಸ್ಥೆ ಅದು, ನೂರು ದಾಟಿದ ಮೇಲೂ ಬಿಸಿಲಲ್ಲಿ ಕಲ್ಲು ಹುಡುಕಲು ಹೊರಡುವ ಚೈತನ್ಯ ಇಟ್ಟುಕೊಂಡಿರುವುದು ಹೊಟ್ಟೆಕಿಚ್ಚು ಪಡಬೇಕಾದ ಸಂಗತಿ.

ಸ್ಕ್ಯಾನ್ ಆದ ಮೇಲೆ ಸಂಘವೇಕೆ, ಎಲ್ಲ ಮೊಬೈಲಿನಲ್ಲೇ ಸಿಗುತ್ತದಲ್ಲ ಎಂಬ ಮಾತೂ ಇದೆ. ಸಿಗುವುದಕ್ಕೂ ತಲುಪುವುದಕ್ಕೂ ಅಂತರವಿದೆ. ನಿಮ್ಮದೇ ಊರಿನ ಕಲ್ಲು ಇದಕ್ಕೆ ಸಾಕ್ಷಿ. ಬೆಂಗಳೂರಿನ ಹೆಸರಿರುವ ಶಾಸನ ಆರ್. ನರಸಿಂಹಾಚಾರ್ ಅವರು ಮೈಸೂರು ಪುರಾತತ್ತ್ವ ಇಲಾಖೆಯ ಮುಖ್ಯಸ್ಥರಾಗಿದ್ದಾಗ, 1915ರ ಸುಮಾರಿಗೇ ಬೆಳಕಿಗೆ ಬಂತು. ಹೊಯ್ಸಳ ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿ, ಮುದುಕಿಯೊಬ್ಬಳು ಕೊಟ್ಟ ಬೆಂದ ಕಾಳು ತಿಂದು ಊರಿಗೆ ಹೆಸರಿಟ್ಟ ಎಂಬ ಕಥೆಗೆ ಅಂದೇ ಪೂರ್ಣವಿರಾಮ ಬೀಳಬೇಕಿತ್ತು. ಬಲ್ಲಾಳ ಹುಟ್ಟುವುದಕ್ಕೆ ಎರಡು ಶತಮಾನಕ್ಕೂ ಮೊದಲೇ ಆ ಹೆಸರು ಕಲ್ಲಿನ ಮೇಲಿದೆ. ನೂರು ವರ್ಷ ಕಳೆದರೂ ಬೆಂದ ಕಾಳಿನ ಕಥೆಯೇ ಮಕ್ಕಳ ಬಾಯಲ್ಲಿದೆ. ಕಥೆ ಸೊಗಸಾಗಿದೆ, ಇರಲಿ, ಅಜ್ಜಿಯರು ಹೇಳಲಿ. ಆದರೆ ಪ್ರಮಾಣ ಇಲಾಖೆಯ ವರದಿಯಲ್ಲಿದ್ದೂ ಊರಿನ ಬಾಯಿಗೆ ಬರಲಿಲ್ಲ ಎಂಬುದನ್ನು ಗಮನಿಸಿ. ಅಚ್ಚಾದದ್ದೆಲ್ಲ ಹಂಚಿಕೆಯಾಗುವುದಿಲ್ಲ. ಕಡತವೊಂದು ಜಾಲತಾಣದಲ್ಲಿ ಕೂತಿದ್ದ ಮಾತ್ರಕ್ಕೂ ಆಗುವುದಿಲ್ಲ. ಕಲ್ಲಿನ ಮುಂದೆ ನಿಂತು ಅಕ್ಷರ ಅಕ್ಷರವಾಗಿ ಓದಿ, ಹಳಗನ್ನಡವನ್ನು ಇಂದಿನ ಮಾತಿನಲ್ಲಿ ಬಿಡಿಸಿ ಹೇಳುವವರು ಬೇಕು. ಪಠ್ಯಪುಸ್ತಕ ಹೇಳದ್ದನ್ನು ಶಾಲೆಯ ಅಂಗಳಕ್ಕೆ ಒಯ್ಯುವವರು ಬೇಕು.

ಕಲ್ಲಿನ ಮಾತು ಇಷ್ಟಾಯಿತು, ಕಾಗದದ ಮಾತು ಇನ್ನೂ ತುರ್ತಿನದು. ಕಲ್ಲು ಸಾವಿರ ವರ್ಷ ಕಾಯುತ್ತದೆ, ಶಾನುಭೋಗರ ಲೆಕ್ಕದ ಪುಸ್ತಕ ಒಂದು ಮಳೆಗಾಲವನ್ನೂ ಕಾಯುವುದಿಲ್ಲ. 1961ರ ಕಾಯ್ದೆಯಿಂದ ವಂಶಪಾರಂಪರ್ಯದ ಪಟೇಲ ಶಾನುಭೋಗಿಕೆ ರದ್ದಾದ ಮೇಲೆ ಎಷ್ಟೋ ಮನೆಗಳ ಅಟ್ಟದಲ್ಲಿ ಹಳೆಯ ಲೆಕ್ಕಪತ್ರಗಳು ದಿಕ್ಕಿಲ್ಲದೆ ಉಳಿದವು. ಕ್ರಯಪತ್ರ, ಕಂದಾಯದ ರಸೀದಿ, ಮದುವೆಯ ಮುಯ್ಯಿ ಪಟ್ಟಿ, ಭಜನಾ ಮಂಡಳಿಯ ಜಮಾಖರ್ಚು, ಗಿರಣಿ ಕಾರ್ಮಿಕನ ಸಂಬಳದ ಚೀಟಿ: ಅರಸರ ಪಟ್ಟಿ ಹೇಳದ ಇತಿಹಾಸ ಇವುಗಳಲ್ಲಿದೆ. 1884ರಲ್ಲಿ ಆರಂಭವಾಗಿ ಬಿನ್ನಿ ಮಿಲ್ ಎಂದು ಹೆಸರಾದ ಬಟ್ಟೆ ಗಿರಣಿ ತಲೆಮಾರುಗಳಿಗೆ ಅನ್ನ ಕೊಟ್ಟಿತು. ಇವತ್ತು ಆ ಜಾಗದಲ್ಲಿ ಬಹುಮಹಡಿ ವಸತಿಗಳಿವೆ. ಅಲ್ಲಿ ದುಡಿದವರ ಗುರುತಿನ ಚೀಟಿಗಳು ಯಾರ ಟ್ರಂಕಿನಲ್ಲಿವೆಯೋ ಅವರೇ ಈಗ ಆ ಗಿರಣಿಯ ದಫ್ತರಖಾನೆ. ಇವನ್ನೆಲ್ಲ ಸಂಘ ಕೇಳಿ ಪಡೆದು ಕೂಡಿಡಬೇಕೇ? ಬೇಡ ಎಂದು ನನ್ನ ಸಲಹೆ. ಪ್ರತಿ ತೆಗೆದುಕೊಳ್ಳಿ, ಮೂಲವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಹೇಳಿಕೊಟ್ಟು ಹಿಂದಿರುಗಿಸಿ. ಮನೆಯವರಿಗೆ ಬೇಡವಾದಾಗ ಮಾತ್ರ ಸಂಘದ ಕಪಾಟು ತೆರೆಯಲಿ. ಕೊಟ್ಟ ಕಾಗದ ವಾಪಸು ಬರುತ್ತದೆಂಬ ನಂಬಿಕೆ ಹುಟ್ಟಿದ ದಿನ ಇನ್ನೂ ಹತ್ತು ಅಟ್ಟಗಳ ಬಾಗಿಲು ತೆರೆಯುತ್ತದೆ. ಶಿವಮೊಗ್ಗ ಜಿಲ್ಲೆಯ ಕೆಳದಿಯಲ್ಲಿ ಗುಂಡಾ ಜೋಯಿಸರು ಮುಂದೆ ನಿಂತು ಕಟ್ಟಿದ ಸಂಗ್ರಹಾಲಯವನ್ನು ನೋಡಿದವರಿಗೆ ಗೊತ್ತು: ತಾಳೆಗರಿ, ಕಡತಗಳಿಗೆ ಬೆಲೆ ಬಂದದ್ದು ಅವು ಒಂದೆಡೆ ಸೇರಿದ್ದರಿಂದ ಮಾತ್ರವಲ್ಲ, ಮೋಡಿ ಲಿಪಿ ಕಲಿತು ಅವನ್ನು ಓದುವ ಒಬ್ಬರು ಆ ಊರಿನಲ್ಲೇ ಇದ್ದದ್ದರಿಂದ.

ಪ್ರತಿ ತೆಗೆಯುವಾಗ ಯಾರಿಂದ, ಯಾವ ಊರಿನಿಂದ, ಹೇಗೆ ಬಂತು ಎಂದು ಬರೆದಿಡುವುದನ್ನು ಮಾತ್ರ ಮರೆಯಬೇಡಿ. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಜಗತ್ತಿಗೇ ಗೊತ್ತು. ಆ ಓಲೆಯ ಕಟ್ಟನ್ನು ತಂದುಕೊಟ್ಟವರು ತಂಜಾವೂರು ಸೀಮೆಯ ಒಬ್ಬ ಪಂಡಿತರು ಎಂಬುದಷ್ಟೇ ಎಲ್ಲರೂ ಹೇಳುವ ಮಾತು. ಅಷ್ಟು ದೊಡ್ಡ ಗ್ರಂಥಕ್ಕೇ ಹೀಗಾದರೆ ನಮ್ಮ ರಸೀದಿ ಚೀಟಿಗಳ ಗತಿ ಏನು?

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು. ಊರಿನ ಇತಿಹಾಸ ಎಂದು ಹೊರಟವರು ಕೊನೆಗೆ ತಮ್ಮ ಕುಲದ, ತಮ್ಮ ಜಾತಿಯ, ತಮ್ಮ ಭಾಷೆಯ ಹೆಚ್ಚುಗಾರಿಕೆ ಸಾರುವುದರಲ್ಲಿ ಮುಗಿಸುತ್ತಾರೆ ಎಂಬುದು. ಇದು ಸುಳ್ಳು ಭಯವಲ್ಲ. ವೀರಗಲ್ಲನ್ನು ತಮ್ಮ ಪೂರ್ವಜನದೆಂದು ಎಳೆದಾಡುವುದನ್ನು ಎಲ್ಲ ಕಡೆಯೂ ಕಾಣುತ್ತೇವೆ. ಇದಕ್ಕೆ ಮದ್ದು ಇತಿಹಾಸವನ್ನು ಕೈಬಿಡುವುದಲ್ಲ, ಪೂರ್ತಿ ತೋರಿಸುವುದು. ಮಡಿವಾಳದ ಸೋಮೇಶ್ವರ ದೇವಾಲಯದಲ್ಲಿ, ದೊಮ್ಮಲೂರಿನ ಚೊಕ್ಕನಾಥಸ್ವಾಮಿ ದೇವಾಲಯದಲ್ಲಿ ತಮಿಳು ಶಾಸನಗಳಿವೆ. ಅವೂ ಈ ನೆಲದ ದಾಖಲೆಗಳೇ, ಅವನ್ನು ಮರೆಮಾಚಿ ಬೆಂಗಳೂರಿನ ಇತಿಹಾಸ ಬರೆಯಲಾಗುವುದಿಲ್ಲ. ಅಗರದ ಶಾಸನದಲ್ಲಿ ಯುದ್ಧದ ಸದ್ದೇ ಇಲ್ಲ, ಕೆರೆಗೆ ತೂಬು ಇಡಿಸಿದ ಮಾತಿದೆ. ಮಾಸ್ತಿಗಲ್ಲುಗಳಿಗೆ ಅರಿಸಿನ ಕುಂಕುಮ ಹಚ್ಚುತ್ತೇವೆ. ಅಲ್ಲಿ ಒಬ್ಬ ಹೆಣ್ಣುಮಗಳು ಬೆಂಕಿಗೆ ಬಿದ್ದಳು ಎಂಬುದನ್ನು ಹೊಗಳಿಕೆಯ ಹೊದಿಕೆ ಹಾಕದೆ ಬರೆದು ತಗುಲಿಸುವ ಧೈರ್ಯ ಈ ಸಂಘಕ್ಕೆ ಇರಬೇಕು. ದಾನಪತ್ರದಲ್ಲಿ ಭೂಮಿ ಯಾರಿಗೆ ಬಂತು ಎಂದು ಓದುವಾಗ, ಅದನ್ನು ಉಳುತ್ತಿದ್ದವರ ಹೆಸರು ಏಕಿಲ್ಲ ಎಂದೂ ಕೇಳಬೇಕು. ಒಂದೇ ಕಲ್ಲನ್ನು ಇಟ್ಟುಕೊಂಡವರಿಗೆ ಜಂಬ ಪಡುವುದು ಸುಲಭ, ಇಪ್ಪತ್ತನ್ನು ಒಟ್ಟಿಗೆ ಓದಿದವರಿಗೆ ಅಷ್ಟು ಸುಲಭವಲ್ಲ.

ಹೊಸದಾಗಿ ಬಂದವರಿಗೆ ಈ ಊರಿನ ಹಳೆಯ ಕಥೆ ಏಕೆ ಎನ್ನುವವರಿಗೆ ಸಂಪಂಗಿ ಕೆರೆಯನ್ನು ತೋರಿಸುತ್ತೇನೆ. ಆ ಕೆರೆಯ ನೆಲದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಒಂದು ಪುಟ್ಟ ಕೊಳದಷ್ಟು ಮಾತ್ರ ಉಳಿದಿದೆ. ಅದೂ ಉಳಿದದ್ದು ತಿಗಳರ ಕರಗದ ವಿಧಿಗಳಿಗೆ ಆ ನೀರು ಬೇಕಾಗಿದ್ದರಿಂದ. ಧರ್ಮಾಂಬುಧಿ ಕೆರೆಗೆ ಅಂಥ ಕಾವಲು ಇರಲಿಲ್ಲ, ಅಲ್ಲೀಗ ಮೆಜೆಸ್ಟಿಕ್ಕಿನ ಬಸ್ ನಿಲ್ದಾಣವಿದೆ. ಮಳೆ ನೀರು ಮಾತ್ರ ತನ್ನ ಹಳೆಯ ದಾರಿಯನ್ನು ಮರೆತಿಲ್ಲ. ಯಾವ ಬಡಾವಣೆ ಕೆರೆಯಂಗಳದಲ್ಲಿದೆ, ರಾಜಕಾಲುವೆ ಎಲ್ಲಿ ಹರಿಯುತ್ತಿತ್ತು ಎಂಬುದು ಕಳೆದ ವರ್ಷ ಫ್ಲ್ಯಾಟು ಕೊಂಡವರಿಗೇ ಎಲ್ಲರಿಗಿಂತ ಹೆಚ್ಚು ಬೇಕಾದ ಇತಿಹಾಸ. ಹಾಗಾಗಿ ಸಂಘದ ಸದಸ್ಯತ್ವಕ್ಕೆ ಊರಿನಲ್ಲಿ ಹುಟ್ಟಿರಬೇಕೆಂಬ ನಿಯಮ ಎಂದೂ ಬರದಿರಲಿ.

ಕೊನೆಯದಾಗಿ ಸಂಘದ ತರುಣರಿಗೆ ಒಂದು ಎಚ್ಚರಿಕೆ. ಉತ್ಸಾಹದಲ್ಲಿ ಕಲ್ಲನ್ನು ತಂತಿಯ ಬ್ರಷ್ಷಿನಿಂದ ಉಜ್ಜಬೇಡಿ, ಆಸಿಡ್ ಸುರಿಯಬೇಡಿ, ಅಕ್ಷರ ಎದ್ದು ಕಾಣಲೆಂದು ಪೇಂಟು ಬಳಿಯಬೇಡಿ. ಓದುವುದನ್ನು, ಪಡಿಯಚ್ಚು ತೆಗೆಯುವುದನ್ನು ಬಲ್ಲವರನ್ನು ಕರೆಸಿ, ಅವರ ಪಕ್ಕದಲ್ಲಿ ಕೂತು ಕಲಿಯಿರಿ. ಕಾಲನಿರ್ಣಯ, ಪಾಠನಿರ್ಣಯ ತಜ್ಞರ ಕೆಲಸ. ಜಾಗ ಗುರುತಿಸುವುದು, ಕಾಯುವುದು, ಹಿರಿಯರ ಮಾತು ದಾಖಲಿಸುವುದು ನಿಮ್ಮದು, ಅದನ್ನು ತಜ್ಞರು ಬಂದು ಮಾಡಲಾರರು.

ಇವತ್ತು ಸಂಘ ತೆರೆಯುತ್ತಿರುವ ಈ ಪ್ರದರ್ಶನದ ಬಾಗಿಲಲ್ಲಿ ಒಂದು ರಿಜಿಸ್ಟರು ಇಟ್ಟಿದ್ದಾರೆ. 'ಬಹಳ ಚೆನ್ನಾಗಿದೆ' ಎಂದು ಬರೆದು ಸಹಿ ಹಾಕಿ ಹೋಗುವ ನಮ್ಮ ಅಭ್ಯಾಸವನ್ನು ಇವತ್ತೊಂದು ದಿನ ಬಿಡೋಣ. ಗೋಡೆಯ ಮೇಲಿನ ಚಿತ್ರಗಳಲ್ಲಿ ನಿಮಗೆ ಗುರುತು ಸಿಕ್ಕ ಬಾವಿ, ಮರ, ಗುಡಿ, ಹೊಲ ಯಾವುದಾದರೂ ಇದ್ದರೆ ಅದರ ಹೆಸರು, ಅದು ಎಲ್ಲಿತ್ತು, ಈಗ ಅಲ್ಲಿ ಏನಿದೆ ಎಂದು ಬರೆಯಿರಿ. ಬರೆಯಲು ಬಾರದ ಹಿರಿಯರು ಹೇಳಲಿ, ಶಾಲೆಯ ಮಕ್ಕಳು ಬರೆದುಕೊಳ್ಳಲಿ. ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಸಂತೋಷದಿಂದ ಘೋಷಿಸುತ್ತೇನೆ.