ರೋಗಿಯ ಕೈಯಲ್ಲಿನ ನಳಿಕೆ



ಹೃದ್ರೋಗ, ಮಧುಮೇಹ, ರಕ್ತದೊತ್ತಡಗಳನ್ನು ಕುರಿತು ನಮ್ಮ ಕೂಟದಲ್ಲಿ ಅನೇಕ ಉಪನ್ಯಾಸಗಳಾಗಿವೆ. ನಾನು ಇಂದು ಆರಿಸಿಕೊಂಡಿರುವ ವಿಷಯ ಮೇಲುನೋಟಕ್ಕೆ ಬಹಳ ಸಣ್ಣದು. ಆಸ್ಪತ್ರೆ ಸೇರಿದ ರೋಗಿಯ ಸಿರೆಯೊಳಗೆ ತೂರಿಸುವ ಪ್ಲಾಸ್ಟಿಕ್ ನಳಿಕೆ, ಅಂದರೆ ಐ.ವಿ. ಕ್ಯಾಥಿಟರ್. ಸಿರೆಯನ್ನು ನಾವು ಆಡುಮಾತಿನಲ್ಲಿ ನರವೆನ್ನುತ್ತೇವೆ. ಅದು ತಪ್ಪಾದರೂ ರೂಢಿ ಬಲವಾದುದು.

1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟಾ ಎಂಬ ವೈದ್ಯರು ಕಾಲರಾದಿಂದ ಸಾಯುತ್ತಿದ್ದವರ ಸಿರೆಗೆ ಲವಣಜಲವನ್ನು ಹರಿಸಿ ಕೆಲವರನ್ನು ಬದುಕಿಸಿದರು. ಆಮೇಲೂ ಬಹುಕಾಲ ಬಳಕೆಯಲ್ಲಿದ್ದುದು ಲೋಹದ ಸೂಜಿಯೇ. ಸೂಜಿಯ ಮೇಲೆ ಪ್ಲಾಸ್ಟಿಕ್ ನಳಿಕೆಯನ್ನು ತೊಡಿಸುವ ಉಪಾಯವನ್ನು 1950ರಲ್ಲಿ ಪ್ರಕಟಿಸಿದವರು ಮೇಯೋ ಕ್ಲಿನಿಕ್ಕಿನ ಡೇವಿಡ್ ಮಾಸ್ಸಾ. ಈಗ ಚುಚ್ಚಿದೊಡನೆ ಸೂಜಿಯನ್ನು ಹೊರಗೆಳೆಯುತ್ತಾರೆ. "ಸೂಜಿಯಿದೆ, ಕೈ ಅಲುಗಿಸಬೇಡಿ" ಎಂದು ನಮ್ಮವರು ರೋಗಿಯನ್ನು ಗದರಿಸುವುದುಂಟು. ಒಳಗೆ ಸೂಜಿ ಇರುವುದಿಲ್ಲ.

ನಮ್ಮ ಜನರಲ್ಲಿ ಬೇರೂರಿರುವ ಇನ್ನೊಂದು ನಂಬಿಕೆಯನ್ನು ಇಲ್ಲಿ ಹೇಳಲೇಬೇಕು. "ಬಹಳ ನಿಶ್ಶಕ್ತಿ, ಒಂದು ಬಾಟಲಿ ಗ್ಲೂಕೋಸ್ ಹಾಕಿಸಿ" ಎಂದು ಕೇಳುವುದು ಊರಿನ ದವಾಖಾನೆಗಳಲ್ಲಿ ಸಾಮಾನ್ಯ. ಒಂದು ಲೀಟರ್ 5% ಗ್ಲೂಕೋಸ್ ದ್ರಾವಣದಲ್ಲಿರುವುದು 50 ಗ್ರಾಂ ಸಕ್ಕರೆ, ಸುಮಾರು 170 ಕ್ಯಾಲೊರಿ. ಅದು ಮೂರು ನಾಲ್ಕು ಇಡ್ಲಿಗೆ ಸಮ. ಬಾಯಲ್ಲಿ ತಿನ್ನಬಲ್ಲವನಿಗೆ ಇಡ್ಲಿಯೇ ಮೇಲು. ಈ ನಂಬಿಕೆಯಿಂದಾಗಿ ಡ್ರಿಪ್ ತೂಗಾಡುತ್ತಿದ್ದರೆ ಉಪಚಾರ ನಡೆಯುತ್ತಿದೆಯೆಂದೂ, ತೆಗೆದರೆ ಅಲಕ್ಷ್ಯ ಮಾಡುತ್ತಿದ್ದಾರೆಂದೂ ಬಂಧುಗಳು ಭಾವಿಸುತ್ತಾರೆ. ವಾಸ್ತವ ಇದಕ್ಕೆ ವಿರುದ್ಧ. ನಳಿಕೆ ಇರುವಷ್ಟು ಕಾಲ ಚರ್ಮವೆಂಬ ಕೋಟೆಯಲ್ಲಿ ಒಂದು ಕಿಂಡಿ ತೆರೆದಿರುತ್ತದೆ.

ಆ ಕಿಂಡಿಯ ತೊಂದರೆಗಳು ಹಲವು ಬಗೆಯವು. ಸಿರೆ ಕೆರಳಿ ಕೆಂಪಾಗಿ, ಹುರಿಯಂತೆ ಗಟ್ಟಿಯಾಗಿ ನೋಯಬಹುದು; ಇದು ಫ್ಲೆಬೈಟಿಸ್. ನಳಿಕೆಯ ತುದಿ ಜಾರಿ ದ್ರವ ಹೊರಗಿನ ಅಂಗಾಂಶಕ್ಕೆ ಸೋರಿದರೆ ಕೈ ಊದಿ ತಣ್ಣಗಾಗುತ್ತದೆ. ಸೋರಿದ್ದು ಬರಿಯ ಲವಣಜಲವಾದರೆ ಊತ ಸಾಮಾನ್ಯವಾಗಿ ಇಳಿಯುತ್ತದೆ. ಕೆಲವು ಕ್ಯಾನ್ಸರ್ ಔಷಧಿಗಳಾದರೆ ಮಾಂಸವೇ ಕೊಳೆಯಬಹುದು. ಎಲ್ಲಕ್ಕಿಂತ ಭಯಂಕರವಾದುದು ರೋಗಾಣುಗಳು ನಳಿಕೆಯ ಗುಂಟ ರಕ್ತವನ್ನು ಸೇರುವುದು.

ಇವನ್ನು ಮೊದಲು ಅರಿಯುವವನು ರೋಗಿಯೇ. ಆದರೆ ಊರಿನಿಂದ ಆರು ತಿಂಗಳಿಗೆಂದು ಬಂದು ಇಲ್ಲಿ ಆಸ್ಪತ್ರೆ ಸೇರುವ ನಮ್ಮ ತಂದೆತಾಯಿಯರು ಹೇಳುವುದಿಲ್ಲ. ಇಂಗ್ಲಿಷಿನ ಅಳುಕು ಒಂದು ಕಡೆ, ನರ್ಸಮ್ಮನಿಗೆ ಏಕೆ ತೊಂದರೆ ಎಂಬ ಸಂಕೋಚ ಇನ್ನೊಂದು ಕಡೆ. ನಾನು ಕಂಡ ಒಬ್ಬ ವೃದ್ಧೆ ಮೊಣಕೈವರೆಗೆ ಊದಿದ ಕೈಯನ್ನು ರಾತ್ರಿಯೆಲ್ಲ ಸೆರಗಿನಲ್ಲಿ ಮುಚ್ಚಿಕೊಂಡು ಮಲಗಿದ್ದರು. ಕೇಳಿದಾಗ, "ಔಷಧಿ ಅಂದಮೇಲೆ ಉರಿಯುತ್ತದಲ್ಲವೇ" ಎಂದರು. ಆದುದರಿಂದ ನೋಡಲು ಹೋದವರು ಹೊದಿಕೆ ಸರಿಸಿ ಎರಡು ಕೈಗಳನ್ನೂ ಹೋಲಿಸಿ ನೋಡಬೇಕು. ಪಟ್ಟಿ ಒದ್ದೆಯಾಗಿದ್ದರೆ, ಸಡಿಲವಾಗಿದ್ದರೆ, ಚಳಿಜ್ವರ ಬಂದರೆ ಕೂಡಲೇ ತಿಳಿಸಬೇಕು.

ನಾನು ರೆಸಿಡೆನ್ಸಿ ಮಾಡುವಾಗ ಮೂರು ನಾಲ್ಕು ದಿನಕ್ಕೊಮ್ಮೆ ನಳಿಕೆಯನ್ನು ಬದಲಿಸುವುದು ರೂಢಿಯಾಗಿತ್ತು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯದ ಅಧ್ಯಯನವೊಂದು 3,283 ರೋಗಿಗಳನ್ನು ಪರೀಕ್ಷಿಸಿತು. ನಿಯಮದಂತೆ ಬದಲಿಸಿದವರಲ್ಲೂ, ತೊಂದರೆ ಕಂಡಾಗ ಮಾತ್ರ ಬದಲಿಸಿದವರಲ್ಲೂ ಫ್ಲೆಬೈಟಿಸ್ ಆದದ್ದು 7% ಮಂದಿಗೆ. ಈ ಚರ್ಚೆ ಇನ್ನೂ ಮುಗಿದಿಲ್ಲ, ಪದ್ಧತಿಯೂ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ದಿನವೆಣಿಸುವುದಕ್ಕಿಂತ ದಿನಾ ನೋಡುವುದು ಮುಖ್ಯವೆಂದು ನನ್ನ ಅಭಿಪ್ರಾಯ.

ಕುತ್ತಿಗೆ ಅಥವಾ ಎದೆಯ ದೊಡ್ಡ ಸಿರೆಗೆ ಹಾಕುವ ಸೆಂಟ್ರಲ್ ಲೈನಿನ ಅಪಾಯ ಇನ್ನೂ ಹೆಚ್ಚು. ಜಾನ್ಸ್ ಹಾಪ್ಕಿನ್ಸ್‌ನ ಪೀಟರ್ ಪ್ರೊನೊವೊಸ್ಟ್ ಐದು ಸರಳ ಕ್ರಮಗಳನ್ನು ಒತ್ತಾಯಿಸಿದರು: ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮಶುದ್ಧಿ, ಪೂರ್ಣ ನಿಲುವಂಗಿ ಮುಖವಾಡಗಳು, ತೊಡೆಸಂದಿಯ ಸಿರೆಯನ್ನು ಬಿಡುವುದು, ಬೇಡವಾದ ನಳಿಕೆಯನ್ನು ತೆಗೆಯುವುದು. ಮಿಚಿಗನ್ ರಾಜ್ಯದ ನೂರಕ್ಕೂ ಹೆಚ್ಚು ತೀವ್ರನಿಗಾ ಘಟಕಗಳು ಇದನ್ನು ಪಾಲಿಸಿದವು. 1,000 ನಳಿಕೆ-ದಿನಗಳಿಗೆ 2.7 ಇದ್ದ ಸೋಂಕಿನ ಮಧ್ಯಾಂಕ ಮೂರು ತಿಂಗಳೊಳಗೆ ಸೊನ್ನೆಗಿಳಿಯಿತೆಂದು 2006ರಲ್ಲಿ ಪ್ರಕಟವಾಯಿತು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ! ಆ ಐದನೆಯ ಕ್ರಮವನ್ನು ನೀವೂ ಜ್ಞಾಪಿಸಬಹುದು. "ಈ ನಳಿಕೆ ಇಂದೂ ಬೇಕೇ?" ಎಂದು ಪ್ರತಿದಿನ ವಿನಯದಿಂದ ಕೇಳಿ. ಹಾಗೆಯೇ, ಔಷಧಿ ಕೊಡುವ ಮುನ್ನ ನಳಿಕೆಯ ಬಾಯನ್ನು ಉಜ್ಜಿ ಶುದ್ಧಮಾಡಿದರೇ ಎಂದು ಗಮನಿಸಿ. ಕೇಳಿದರೆ ಒಳ್ಳೆಯ ನರ್ಸ್ ಬೇಸರಿಸುವುದಿಲ್ಲ.

ಕೊನೆಯದಾಗಿ ಮಧುಮೇಹಿಗಳಿಗೆ ಒಂದು ಮಾತು. ನಮ್ಮ ಸಮಾಜದಲ್ಲಿ ಅವರ ಸಂಖ್ಯೆ ಚಿಕ್ಕದಲ್ಲ. ಮೂತ್ರಪಿಂಡ ದುರ್ಬಲವಾಗಿರುವವರಿಗೆ ಮುಂದೆ ಡಯಾಲಿಸಿಸ್ ಬೇಕಾದರೆ ಕೈಯ ಸಿರೆಯಿಂದಲೇ ಫಿಸ್ಟುಲಾ ರಚಿಸಬೇಕಾಗುತ್ತದೆ. ತೋಳಿನಿಂದ ತೂರಿಸುವ ಪಿಕ್ ಲೈನ್ ಆ ಸಿರೆಗಳನ್ನು ಕೆಡಿಸಬಹುದು. ಅಂಥವರಿಗೆ ಪಿಕ್ ಹಾಕುವ ಮಾತು ಬಂದರೆ, ಮೊದಲು ಕಿಡ್ನಿ ತಜ್ಞರನ್ನು ವಿಚಾರಿಸಿದ್ದೀರಾ ಎಂದು ಕೇಳಿರಿ. ಸಾಮಾನ್ಯ ನಳಿಕೆಯನ್ನಾದರೂ ಮುಂದೋಳಿಗಿಂತ ಅಂಗೈ ಹಿಂಭಾಗದಲ್ಲಿ ಹಾಕಲು ಕೋರಬಹುದು.