ಮೂಳೆ ಕೂಡಿದ ಮೇಲೆ



ಕೈಯೋ ಕಾಲೋ ಮುರಿದರೆ, ಮೂಳೆ ಕೂಡಿದ ಮೇಲೆ ವೈದ್ಯರು ಫಿಸಿಯೋಥೆರಪಿಗೆ, ಅಂದರೆ ವ್ಯಾಯಾಮ ಚಿಕಿತ್ಸೆಗೆ, ಬರೆದುಕೊಡುತ್ತಾರೆ. ನಾಲ್ಕು ದಿನ ಹೋಗಿ ಐದನೆಯ ದಿನ ಬಿಟ್ಟವನನ್ನು ನಾವೇನೆನ್ನುತ್ತೇವೆ? ಸೋಮಾರಿ ಎನ್ನುತ್ತೇವೆ. ಕಾರಖಾನೆಯ ಮೇಸ್ತ್ರಿಯಂತೂ ರಜೆಗಾಗಿ ಹೂಡಿದ ಆಟವೆನ್ನುತ್ತಾನೆ. ಹೋದ ದಿನಗಳ ಸಂಬಳ, ಬಸ್ಸಿನ ಖರ್ಚು, ಇವೂ ಕಾರಣಗಳೇ, ಅಲ್ಲವೆನ್ನುವುದಿಲ್ಲ. ಆದರೆ ರೋಗಿ ಬಾಯಿಬಿಟ್ಟು ಹೇಳಲಾರದ ಇನ್ನೊಂದು ಕಾರಣವುಂಟು.

೨೦೦೬ರ ಜುಲೈ ೧೧ರ ಸಂಜೆ ಮುಂಬಯಿಯ ಪಶ್ಚಿಮ ರೈಲ್ವೆಯ ಲೋಕಲ್ ಗಾಡಿಗಳಲ್ಲಿ ಸುಮಾರು ೧೧ ನಿಮಿಷಗಳೊಳಗೆ ಏಳು ಬಾಂಬುಗಳು ಸಿಡಿದವು. ೧೮೦ಕ್ಕೂ ಹೆಚ್ಚು ಮಂದಿ ಸತ್ತರು, ನೂರಾರು ಮಂದಿ ಗಾಯಗೊಂಡರು. ಕೆಲಸ ಬಿಟ್ಟು ಮನೆಗೆ ಹೊರಟಿದ್ದವರು, ನಮ್ಮಂಥವರೇ. ಅಂಥ ದುರಂತದಿಂದಾಗಲಿ, ಯಂತ್ರಕ್ಕೆ ಕೈ ಸಿಕ್ಕಿಯಾಗಲಿ, ಕಟ್ಟಡದ ಮೇಲಿಂದ ಬಿದ್ದಾಗಲಿ ಬದುಕಿ ಉಳಿದವರಲ್ಲಿ ಕೆಲವರಿಗೆ ಗಾಯ ಮಾಯ್ದರೂ ಘಟನೆ ಮುಗಿಯುವುದಿಲ್ಲ. ಹಗಲಲ್ಲೇ ಅದು ಕಣ್ಣೆದುರು ಮತ್ತೆ ನಡೆದಂತಾಗುತ್ತದೆ, ನಿದ್ರೆಯಲ್ಲಿ ಬೆಚ್ಚುತ್ತಾರೆ, ಆ ಸ್ಥಳ, ಆ ಮಾತು ಬೇಡವೆಂದು ತಪ್ಪಿಸಿಕೊಳ್ಳುತ್ತಾರೆ, ತಟ್ಟೆ ಬಿದ್ದ ಸದ್ದಿಗೂ ಎದೆ ಝಲ್ಲೆನ್ನುತ್ತದೆ, ಹೆಂಡತಿ ಮಕ್ಕಳ ಮೇಲಿನ ಅಕ್ಕರೆಯೂ ಮರಗಟ್ಟುತ್ತದೆ. ತಿಂಗಳು ಮೀರಿದರೂ ಹೀಗೆಯೇ ಇದ್ದು ಬದುಕಿಗೆ ಅಡ್ಡಿಯಾದರೆ ಅದು ಪಿ.ಟಿ.ಎಸ್.ಡಿ., ಅಂದರೆ ಆಘಾತದ ನಂತರದ ಒತ್ತಡದ ಬೇನೆ. ಈ ಹೆಸರು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಗೆ ಸೇರಿದ್ದು ೧೯೮೦ರಲ್ಲಿ. ಬೇನೆ ಮಾತ್ರ ಹಳೆಯದು. ಮೊದಲ ಮಹಾಯುದ್ಧದ ಸಿಪಾಯಿಗಳಲ್ಲಿ ಇದನ್ನು ಕಂಡು ‘ಷೆಲ್ ಷಾಕ್’ ಎಂದಿದ್ದರು. ಹೇಡಿಗಳೆಂದು ಜರೆದದ್ದೂ ಉಂಟು, ನಮ್ಮ ಮೇಸ್ತ್ರಿಯ ಹಾಗೆ!

ವ್ಯಾಯಾಮ ಚಿಕಿತ್ಸೆಗೂ ಇದಕ್ಕೂ ಏನು ಸಂಬಂಧ? ಹೆದರಿದ ಮೈ ಸದಾ ಬಿಗಿದಿರುತ್ತದೆ. ಹೆಗಲು ಮೇಲೇರಿ, ಕತ್ತು ಸೆಟೆದು, ಉಸಿರು ಎದೆಯ ಮೇಲ್ಭಾಗದಲ್ಲೇ ಆಡುತ್ತದೆ. ಬಿಗಿದ ಮಾಂಸಖಂಡ ನೋಯುತ್ತದೆ. ನೋವು ಆ ದಿನವನ್ನು ನೆನಪಿಗೆ ತರುತ್ತದೆ. ನೆನಪು ಬಂದರೆ ಮೈ ಮತ್ತೆ ಬಿಗಿಯುತ್ತದೆ. ಗಾಣದೆತ್ತಿನ ಸುತ್ತು. ಇಂಥವನನ್ನು ಬೋರಲು ಮಲಗಿಸಿ, ಹೇಳದೆ ಕೇಳದೆ ಹಿಂದಿನಿಂದ ಹೆಗಲು ಹಿಡಿದು ಎಳೆದರೆ ಮರುದಿನ ಬಂದಾನೆಯೇ? ಬರದಿದ್ದರೆ ಕೀಲು ಹಿಡಿದುಕೊಳ್ಳುತ್ತದೆ. ಕೈ ಏಳದವನಿಗೆ ಹಳೆಯ ಕೆಲಸ ಎಲ್ಲಿಯದು?

ಬಲ್ಲ ಚಿಕಿತ್ಸಕರು ಮುಟ್ಟುವ ಮೊದಲು ಕೇಳುತ್ತಾರೆ, ಮಾಡುವುದನ್ನು ಮುಂದಾಗಿ ಹೇಳುತ್ತಾರೆ, ಕಣ್ಣಿಗೆ ಕಾಣುವಂತೆ ನಿಲ್ಲುತ್ತಾರೆ, ‘ಸಾಕು’ ಎಂದೊಡನೆ ಕೈ ತೆಗೆಯುತ್ತಾರೆ. ನಿಧಾನದ ಉಸಿರಾಟವನ್ನೂ ದಿನಕ್ಕಿಷ್ಟು ಏರಿಸುವ ನಡಿಗೆಯನ್ನೂ ಕಲಿಸುತ್ತಾರೆ. ಮನಸ್ಸಿನ ಬೇನೆಯನ್ನು ಅವರೊಬ್ಬರೇ ವಾಸಿಮಾಡಲಾರರು. ಅದಕ್ಕೆ ಮಾತಿನ ಚಿಕಿತ್ಸೆ, ಬೇಕಾದರೆ ಔಷಧಿ, ಬೇರೆಯೇ ಉಂಟು.

ಪರಭಾಷೆಯ ಆಸ್ಪತ್ರೆಯಲ್ಲಿ ನಮಗೆ ನೋವು ಹೇಳುವುದೇ ಕಷ್ಟ, ಭಯವನ್ನು ಹೇಗೆ ಹೇಳುವುದು? ಎರಡು ವಾಕ್ಯ ಸಾಕು: “ಅಪಘಾತದ ನೆನಪು ನನ್ನನ್ನು ಕಾಡುತ್ತದೆ. ಮುಟ್ಟುವ ಮೊದಲು ಹೇಳಿ.” ಬಲ್ಲವರಿಂದ ಆ ಊರಿನ ಭಾಷೆಯಲ್ಲಿ ಬರೆಸಿಕೊಂಡು ಚೀಟಿ ತೋರಿಸಿದರೂ ಆದೀತು. ೨೦೨೨ರಲ್ಲಿ ಆರಂಭವಾದ ಸರಕಾರದ ಟೆಲಿ-ಮಾನಸ್ ದೂರವಾಣಿ ೧೪೪೧೬. ಹಗಲಿರುಳೂ ಪುಕ್ಕಟೆ ಸಲಹೆ ಕೊಡುತ್ತಾರೆ, ಕನ್ನಡ ಬೇಕೆಂದು ಕೇಳಬಹುದು. ಒಂದೇ ಖೋಲಿಯಲ್ಲಿರುವ ಗೆಳೆಯರು ಮೊದಲ ಕೆಲವು ದಿನ ಜೊತೆಗೆ ಹೋಗಿ, ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿರಲಿ.